ಅಪ್ಪನ ಗ್ಯಾರೇಜ್ ಪೆಟ್ಟಿಗೆ: ಹಳೇ ಪಾನಗಳು (ಸ್ಪ್ಯಾನರ್), ತಾನಾಗಿ ಇಳಿಯುವ ಜಾಕಿ. ಏನು ಮಾಡಲಿ?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಪೋಸ್ಟ್. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಮ್ಮಪ್ಪ ತಿಪಟೂರಿನಲ್ಲಿ ಲಾರಿ ಗ್ಯಾರೇಜ್ ಇಟ್ಟಿದ್ದರು. ಕೊಬ್ಬರಿ ಸಾಗಿಸುವ ಲಾರಿಗಳೇ ಜಾಸ್ತಿ ಬರುತ್ತಿದ್ದವು. ಅಪ್ಪ ಹೋಗಿ ಒಂದೂವರೆ ವರ್ಷ ಆಯ್ತು. ನಾನು ಕಂಪ್ಯೂಟರ್ ಕೆಲಸದವನು, ಆದರೆ ಚಿಕ್ಕಂದಿನಲ್ಲಿ ಅವರ ಪಕ್ಕ ಕೂತು ಪಾನ ಎತ್ತಿಕೊಡುತ್ತಾ ಬೆಳೆದವನು. ಹೋದ ವಾರ ಅಟ್ಟದಿಂದ ಅವರ ತಗಡಿನ ಪೆಟ್ಟಿಗೆ ಇಳಿಸಿದೆ.

ಒಳಗೆ ಸುಮಾರು 40 ಸ್ಪ್ಯಾನರ್ ಇವೆ. 10-11, 12-13 ಅಂತ ಇರುವುದು ನನಗೆ ಗೊತ್ತು. ಆದರೆ ಹದಿನೈದು ಪಾನಗಳ ಮೇಲೆ ಬೇರೆ ಥರ ಅಚ್ಚು ಇದೆ. ಒಂದರ ಮೇಲೆ '1/4 ಡಬ್ಲ್ಯು' ಅಂತ ಇದೆ. ಬಾಯಿ ಅಳೆದರೆ ಕಾಲು ಇಂಚಲ್ಲ, ಅರ್ಧ ಇಂಚಿಗಿಂತ ಜಾಸ್ತಿ! ಅಚ್ಚು ತಪ್ಪಾಗಿ ಬಿದ್ದಿದೆಯಾ? ಎರಡರ ಮೇಲೆ ಮೂರು ಗೆರೆಯ ಬಾಣದ ಗುರುತು ಇದೆ. ಎಲ್ಲದರ ಮೇಲೂ ಅಪ್ಪ ಪಂಚ್‌ನಿಂದ ಹೊಡೆದ ಮೂರು ಚುಕ್ಕಿ ಇದೆ. ಅದು ನಮ್ಮ ಗ್ಯಾರೇಜ್ ಗುರುತು.

ಒಂದು ರಿಂಗ್ ಸ್ಪ್ಯಾನರ್ ಮಾತ್ರ ವಿಚಿತ್ರವಾಗಿದೆ. ಅದನ್ನು ಕಾಯಿಸಿ ಹಾವಿನ ಹಾಗೆ ಎರಡು ಕಡೆ ಬಗ್ಗಿಸಿದ್ದಾರೆ. ರಿಂಗಿನ ಒಂದು ಪಕ್ಕವನ್ನು ಅರದಿಂದ ತೀಡಿ ತೆಳ್ಳಗೆ ಮಾಡಿದ್ದಾರೆ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಯಾವ ಕೆಲಸಕ್ಕೆ ಅಂತ ಗೊತ್ತಿಲ್ಲ.

ಜೊತೆಗೆ ಒಂದು ಬಾಟಲ್ ಜಾಕಿ. ಹಸಿರು ಬಣ್ಣ. ಪಟ್ಟಿ ಸವೆದಿದೆ, '5 ಟನ್' ಅನ್ನುವುದು ಮಾತ್ರ ಕಾಣುತ್ತೆ. ಎತ್ತುತ್ತೆ, ಆದರೆ ಅರ್ಧ ಗಂಟೆಯಲ್ಲಿ ತಾನಾಗಿ ಇಳಿದುಬಿಡುತ್ತೆ. ಮೇಲೆ ಬರುವ ರಾಡಿನ ಸುತ್ತ ಎಣ್ಣೆ ಜಿನುಗುತ್ತೆ. ಚಿಕ್ಕಪ್ಪ ಬ್ರೇಕ್ ಆಯಿಲ್ ಹಾಕು ಸರಿಹೋಗುತ್ತೆ ಅಂತಾರೆ. ಗುಜರಿಯವನು ಎಲ್ಲಾ ಸೇರಿ ಕೆಜಿ ಲೆಕ್ಕದಲ್ಲಿ ಕೊಡು ಅಂದ. ಮನಸ್ಸು ಬರಲಿಲ್ಲ.

ಇವನ್ನು ನಾನು ಬಳಸಬೇಕು. ಮನೆಯಲ್ಲಿ ಒಂದು ಹಳೇ ಬುಲೆಟ್, ಒಂದು ಕಾರು ಇದೆ. ಎಲ್ಲಿಂದ ಶುರು ಮಾಡಲಿ?

ಗುಜರಿ ಪ್ರೇಮಿ

ಗುಜರಿಗೆ ಮಾತ್ರ ಕೊಡಬೇಡಿ. ನಾನು 12 ವರ್ಷದಿಂದ ಬೆಂಗಳೂರಿನ ಸಂಡೆ ಬಜಾರ್ ಸುತ್ತುತ್ತಿದ್ದೇನೆ. ಇಂಥ ಪೆಟ್ಟಿಗೆ ಪೂರ್ತಿಯಾಗಿ, ಒಬ್ಬರ ಗುರುತಿನೊಂದಿಗೆ ಸಿಕ್ಕಿದ್ದು ನನಗೆ ಎರಡೇ ಸಲ. ಹೆಚ್ಚಿನವು ಬಿಡಿಬಿಡಿಯಾಗಿ ರಸ್ತೆ ಮೇಲೆ ಟಾರ್ಪಾಲಿನಲ್ಲಿ ಬಿದ್ದಿರುತ್ತವೆ.

ಇಂಚು ಮೇಸ್ತ್ರಿ

ಅಚ್ಚು ತಪ್ಪಿಲ್ಲ ಮಗು. ನಾನು ಐಟಿಐನಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತನಾದವನು. ಈ ಪ್ರಶ್ನೆಯನ್ನು ಪ್ರತಿ ವರ್ಷ ಹುಡುಗರು ಕೇಳುತ್ತಿದ್ದರು.

ಡಬ್ಲ್ಯು ಅಂದರೆ ವಿಟ್‌ವರ್ತ್. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಂಗ್ಲೆಂಡಿನಲ್ಲಿ ತಂದ ಥ್ರೆಡ್ ಅಳತೆ, 55 ಡಿಗ್ರಿ ಕೋನದ್ದು. ಅದರ ಪಾನದ ಮೇಲೆ ಬಾಯಿಯ ಅಗಲ ಬರೆಯುವುದಿಲ್ಲ. ಬೋಲ್ಟಿನ ದಪ್ಪ ಬರೆಯುತ್ತಾರೆ. ಕಾಲು ಇಂಚು ದಪ್ಪದ ವಿಟ್‌ವರ್ತ್ ಬೋಲ್ಟಿನ ತಲೆ 0.525 ಇಂಚು, ಅಂದರೆ ಸುಮಾರು 13.3 ಎಂಎಂ. ನೀವು ಅಳೆದಿದ್ದು ಸರಿಯೇ ಇದೆ.

ಇದೇ ಪಾನ 5/16 ಬಿಎಸ್‌ಎಫ್ (ಸಣ್ಣ ಹಲ್ಲಿನ ಬ್ರಿಟಿಷ್ ಥ್ರೆಡ್) ಬೋಲ್ಟಿಗೂ ಕೂರುತ್ತೆ. ಅದಕ್ಕೇ ಕೆಲವು ಪಾನಗಳ ಮೇಲೆ ಎರಡೂ ಅಚ್ಚು ಇರುತ್ತೆ. 3/8 ಡಬ್ಲ್ಯು ಅಂದರೆ 18 ಎಂಎಂ ಹತ್ತಿರ. ಎಎಫ್ ಅಂತ ಇದ್ದರೆ ಮಾತ್ರ ಅದು ಬಾಯಿಯ ನಿಜವಾದ ಅಗಲ. ಅರ್ಧ ಇಂಚು ಎಎಫ್ ಅಂದರೆ 12.7 ಎಂಎಂ. ಇಲ್ಲೇ ಜನ ಕೆಡುವುದು. 13ರ ಪಾನ ಹಾಕಿ ಅರ್ಧ ಇಂಚಿನ ನಟ್ಟಿನ ಮೂಲೆ ಸವೆಸುತ್ತಾರೆ, ಆಮೇಲೆ ಬೋಲ್ಟು ಸರಿಯಿಲ್ಲ ಅಂತಾರೆ.

ಬೋಲ್ಟಿನ ವಿಷಯದಲ್ಲಿ ಇಂಗ್ಲೆಂಡ್, ಅಮೆರಿಕ, ಕೆನಡಾ ಮೂವರೂ ಒಪ್ಪಿ 1948ರಲ್ಲಿ ಒಂದೇ ಥ್ರೆಡ್ ಮಾಡಿಕೊಂಡರು. ಯುದ್ಧದಲ್ಲಿ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರದೆ ಪಾಡು ಪಟ್ಟಿದ್ದರು.

ತಿಪಟೂರು ತೆಂಗು

ಸರ್, ತುಂಬಾ ಧನ್ಯವಾದ. ಇಷ್ಟು ದಿನ ಇದು ಯಾರಿಗೂ ಬೇಡದ ಪಾನ ಅಂದುಕೊಂಡಿದ್ದೆ.

ಬುಲೆಟ್ ಬಸ್ಯಾ

ಯಾರಿಗೂ ಬೇಡದ್ದು ಅಂದ್ರೆ ಹೆಂಗ್ರಿ? ಹಳೇ ಬುಲೆಟ್ ಇದೆ ಅಂದ್ರಲ್ಲ, ಈಗಲೇ ಪಾನ ಹಿಡಿದು ಹೋಗಿ ನೋಡ್ರಿ. ನಂದು ಹಳೇ ಮದ್ರಾಸ್ ಬುಲೆಟ್. ಅದರಲ್ಲಿ ವಿಟ್‌ವರ್ತ್, ಬಿಎಸ್‌ಎಫ್, ಸೈಕಲ್ ಥ್ರೆಡ್ ಎಲ್ಲಾ ಬೆರೆತಿವೆ. ಎಂಎಂ ಪಾನ ಹಾಕಿದ ಮೆಕ್ಯಾನಿಕ್ ಕೈಲಿ ನನ್ನ ಗಾಡಿ ಕೊಡೋದಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಸೆಟ್ ಹುಡುಕೋದಕ್ಕೆ ನನಗೆ ನಾಲ್ಕು ವರ್ಷ ಹಿಡೀತು. ಕೊನೆಗೆ ರೈಲ್ವೆಯಿಂದ ರಿಟೈರ್ ಆದ ಒಬ್ಬ ಅಜ್ಜ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. 'ದಿನಾ ಹಿಡೀತೀನಿ ಅಂದ್ರೆ ಒಯ್ಯಿ' ಅಂದರು.

ಯಾದವಗಿರಿ

ನಮ್ಮ ಮೈಸೂರಿನಲ್ಲಿ ಉಲ್ಟಾ. ಇಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ 1996ರ ತನಕ ನಡೀತು. ಜಾವಾ, ಯೆಜ್ದಿ ಎರಡೂ ಚೆಕ್ ವಿನ್ಯಾಸದ ಗಾಡಿ, ಪೂರ್ತಿ ಎಂಎಂ. ಹಾಗಾಗಿ ನಮ್ಮ ಕಡೆ ಹಳೇ ಮೇಸ್ತ್ರಿಗಳ ಪೆಟ್ಟಿಗೆ ತೆಗೆದರೆ ಎಂಎಂ ಪಾನಗಳೇ. ನಮ್ಮ ಮಾವ ಬುಲೆಟ್ ರಿಪೇರಿಗೆ ಬಂದರೆ 'ಅದು ಇಂಚಿನವರ ಗಾಡಿ' ಅಂತ ಪಕ್ಕದ ಬೀದಿಗೆ ಕಳಿಸುತ್ತಿದ್ದರು.

ಹೊಸಬ 22

ಒಂದು ಅಡ್ಜಸ್ಟಬಲ್ ಸ್ಪ್ಯಾನರ್ ಇಟ್ಟುಕೊಂಡರೆ ಇದೆಲ್ಲಾ ತಲೆನೋವೇ ಇಲ್ಲ ಅಲ್ವಾ?

ಬುಲೆಟ್ ಬಸ್ಯಾ

ಬೇಡ ತಮ್ಮಾ! ಅದು ನಲ್ಲಿ ಬಿಚ್ಚೋಕೆ ಇರೋದು. ಗಟ್ಟಿ ಕೂತ ನಟ್ಟಿಗೆ ಹಾಕಿದರೆ ಬಾಯಿ ಸಡಿಲ ಆಗಿ ಜಾರುತ್ತೆ. ಬೆರಳ ಗಂಟು ಸೀದಾ ಇಂಜಿನ್ ಫಿನ್‌ಗೆ.

ಇಂಚು ಮೇಸ್ತ್ರಿ

ಅಷ್ಟು ಬೈಯಬೇಡಿ. ಸ್ವೀಡನ್ನಿನ ಯೋಹಾನ್ಸನ್ 1890ರ ದಶಕದ ಆರಂಭದಲ್ಲಿ ಪೇಟೆಂಟ್ ಮಾಡಿದ ಪಾನ ಅದು, ಈಗಿನ ಬಾಹ್ಕೋ. ಸ್ಥಿರ ಬಾಯಿಯ ಕಡೆ ಭಾರ ಬೀಳುವ ಹಾಗೆ ಹಿಡಿದು ತಿರುಗಿಸಿದರೆ ಚೆನ್ನಾಗಿ ಕೆಲಸ ಮಾಡುತ್ತೆ. ಉಲ್ಟಾ ಹಿಡಿದರೆ ಜಾರುತ್ತೆ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಉಲ್ಟಾ ಹಿಡಿಯುತ್ತಾರೆ. ಆದರೂ ಬಸ್ಯಾ ಹೇಳಿದ್ದು ನಿಜ, ಸರಿಯಾದ ಪಾನ ಇದ್ದಾಗ ಅದನ್ನೇ ಹಾಕಬೇಕು.

ಗುಜರಿ ಪ್ರೇಮಿ

ಮೂರು ಗೆರೆಯ ಬಾಣದ ಬಗ್ಗೆ: ಕಾಗೆ ಹೆಜ್ಜೆ ಥರ ಇದೆಯಾ? ಅದು ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನುವ ಗುರುತು. ಪಕ್ಕದಲ್ಲಿ ವರ್ಷ ಇರಬಹುದು, ಭೂತಗನ್ನಡಿ ಹಿಡಿದು ನೋಡಿ. ಸೈನ್ಯದಿಂದ ಹರಾಜಿಗೆ ಬಂದ ಮಾಲು.

ಬೆಂಗಳೂರಿನಲ್ಲಿ ನನಗೆ ಅಮೆರಿಕದ ಪಾನಗಳೂ ಸಿಕ್ಕಿವೆ. ಪ್ಲಂಬ್, ವಿಲಿಯಮ್ಸ್, ಬಾನಿ. ಇವೆಲ್ಲಾ ಇಲ್ಲಿಗೆ ಹೇಗೆ ಬಂದವು ಅಂತ ಬಹಳ ಯೋಚಿಸಿದ್ದೇನೆ. 1940ರಲ್ಲಿ ಶುರುವಾದ ನಮ್ಮ ಎಚ್‌ಎಎಲ್ ಅನ್ನು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ವಾಯುಪಡೆ ವಿಮಾನ ರಿಪೇರಿ ಡಿಪೋ ಮಾಡಿಕೊಂಡಿತ್ತು. ಯುದ್ಧ ಮುಗಿದ ಮೇಲೆ ಒಂದಷ್ಟು ಸಾಮಾನು ಇಲ್ಲೇ ಉಳಿದು ಗುಜರಿ ಸೇರಿರಬೇಕು. ಇದು ನನ್ನ ಊಹೆ, ಆದರೆ ಆ ಪಾನ ಕೈಲಿ ಹಿಡಿದಾಗ ಊಹೆ ಬಿಡಲು ಮನಸ್ಸಾಗುವುದಿಲ್ಲ.

ಜಲಾನಿ, ಗೆಡೋರೆ ಅಂತ ಅಚ್ಚು ಇರುವವು ಇದ್ದರೆ ಅವನ್ನೂ ಜೋಪಾನ ಮಾಡಿ. ಫರೀದಾಬಾದಿನಲ್ಲಿ ಜರ್ಮನ್ ಕಂಪನಿ ಜೊತೆ ಸೇರಿ ಮಾಡಿದ್ದು. ನಾಸಿಕ್‌ನ ತಪಾರಿಯಾ ಸ್ವೀಡಿಶ್ ತಂತ್ರದಲ್ಲಿ ಶುರುವಾಗಿದ್ದು. ಹಳೇ ಮಾಲು ಅಂದರೆ ವಿದೇಶಿಯದೇ ಒಳ್ಳೆಯದು ಅನ್ನುವ ಮಾತು ನಾನು ಒಪ್ಪಲ್ಲ. ನನ್ನ 1970ರ ದಶಕದ ಜಲಾನಿ ರಿಂಗ್ ಸೆಟ್ ಇವತ್ತಿಗೂ ದಿನಾ ಕೆಲಸ ಮಾಡುತ್ತೆ.

ತಿಪಟೂರು ತೆಂಗು

ಇದೆ ಸರ್! ಬಾಣದ ಪಕ್ಕ 1943 ಅಂತ ಇದೆ. ಮೂರು ಸಲ ಒರೆಸಿದ ಮೇಲೆ ಕಾಣಿಸಿತು. ನಾಲ್ಕು ಪಾನ ಜಲಾನಿಯದು. ಒಂದರ ಮೇಲೆ 'ಕಿಂಗ್ ಡಿಕ್' ಅಂತ ಇದೆ.

ಗುಜರಿ ಪ್ರೇಮಿ

ಕಿಂಗ್ ಡಿಕ್! ಬರ್ಮಿಂಗ್‌ಹ್ಯಾಮ್‌ನ ಅಬಿಂಗ್‌ಡನ್ ಕಂಪನಿ, 1856ರಿಂದ ಇದೆ. ಬುಲ್‌ಡಾಗ್ ಅವರ ಗುರುತು. ಅದನ್ನು ಯಾವ ಕಾರಣಕ್ಕೂ ಬಫ್ ಮಾಡಿಸಬೇಡಿ, ಕ್ರೋಮ್ ಹಾಕಿಸಬೇಡಿ. ಅಚ್ಚು ಅಳಿಸಿಹೋಗುತ್ತೆ.

ಬುಲೆಟ್ ಬಸ್ಯಾ

ಶೋಕೇಸ್‌ನಲ್ಲಿ ಇಡೋಕೆ ಪಾನ ಯಾಕ್ರಿ? ಸ್ವಚ್ಛ ತೊಳೆದು ಕೆಲಸಕ್ಕೆ ಹಾಕಲಿ. ಎಣ್ಣೆ ಕೈ ಮುಟ್ಟದ ಪಾನ ತಾನೇ ತುಕ್ಕು ಹಿಡಿಯುತ್ತೆ.

ಗುಜರಿ ಪ್ರೇಮಿ

ಬಳಸಬೇಡಿ ಅಂತ ನಾನೆಲ್ಲಿ ಹೇಳಿದೆ? ಕನ್ನಡಿ ಥರ ಹೊಳೆಸಬೇಡಿ ಅಂದೆ. ಎರಡೂ ಬೇರೆ.

ಮಂಡ್ಯ ಅಕ್ಕ

ಜಗಳ ಬಿಡಿ, ತುಕ್ಕಿಗೆ ನಾನು ಹೇಳುತ್ತೇನೆ. ನಮ್ಮದು ಟ್ರ್ಯಾಕ್ಟರ್ ಮನೆ. ತುಕ್ಕು ತೆಗೆಯೋಕೆ ಕಾಕಂಬಿಗಿಂತ ಒಳ್ಳೆಯದು ಇಲ್ಲ. ದನಕ್ಕೆ ಹಾಕುತ್ತಾರಲ್ಲ, ಅದೇ ಕಾಕಂಬಿ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಹಳೇ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕಲಸಿ, ಪಾನ ಮುಳುಗಿಸಿ, ಹತ್ತು ಹದಿನೈದು ದಿನ ಮರೆತುಬಿಡಿ. ವಾಸನೆ ಬರುತ್ತೆ, ಮನೆಯಿಂದ ದೂರ ಇಡಿ. ಇರುವೆ ಬರುತ್ತೆ, ಮುಚ್ಚಳ ಹಾಕಿ. ತೆಗೆದ ಮೇಲೆ ತಂತಿ ಬ್ರಶ್‌ನಲ್ಲಿ ಉಜ್ಜಿ, ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಕ್ಷಣ ಎಣ್ಣೆ ಹಚ್ಚಿ. ತುಕ್ಕು ಮಾತ್ರ ಹೋಗುತ್ತೆ, ಕಬ್ಬಿಣ ತಿನ್ನಲ್ಲ. ಅಚ್ಚು ಹಾಗೇ ಉಳಿಯುತ್ತೆ. ಅಲ್ಯೂಮಿನಿಯಂ, ಸತು ಬಳಿದ ಸಾಮಾನು ಮಾತ್ರ ಅದರಲ್ಲಿ ಹಾಕಬೇಡಿ.

ಹುಣಸೆಹಣ್ಣು ಹಾಕ್ತಾರೆ ಕೆಲವರು. ಸಣ್ಣ ತುಕ್ಕಿಗೆ ಸರಿ. ಆದರೆ ಅದು ಹುಳಿ, ಜಾಸ್ತಿ ಹೊತ್ತು ಬಿಟ್ಟರೆ ಕಬ್ಬಿಣವನ್ನೂ ತಿನ್ನುತ್ತೆ.

ಕಡಲತೀರ

ಅಕ್ಕ ಹೇಳಿದ್ದು ಸರಿ ಮಾರಾಯ್ರೇ. ನಮ್ಮ ಉಡುಪಿ ಕಡೆ ಎಣ್ಣೆ ಹಚ್ಚುವ ಭಾಗವೇ ಮುಖ್ಯ. ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು. ತೆಂಗಿನೆಣ್ಣೆ ಹಚ್ಚಬೇಡಿ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತೆ. ಹೊಲಿಗೆ ಮೆಷಿನ್ ಎಣ್ಣೆ ಸಾಕು.

ದೂರದೇಶ

ನಾನು ಶಿವಮೊಗ್ಗದವನು, ಈಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇದ್ದೇನೆ. ಇಲ್ಲಿ ಹಳೇ ಟೂಲ್ ಹುಚ್ಚು ಜಾಸ್ತಿ, ಯಾಕೆಂದರೆ ಇದು ಅದರ ತವರು. ಸ್ನ್ಯಾಪ್-ಆನ್ ಇರುವ ಕೆನೋಶಾ ನಮ್ಮಿಂದ ಒಂದು ಗಂಟೆ ದಾರಿ. ಬ್ಲ್ಯಾಕ್‌ಹಾಕ್ ಮಿಲ್ವಾಕಿಯದು. ಹೈನ್-ವರ್ನರ್ ಜಾಕಿ ವಾಕೆಶಾದ್ದು, ವಾಕರ್ ಜಾಕಿ ರಸೀನ್‌ನದು. ಶನಿವಾರ ಮನೆ ಮುಂದೆ ಹಳೇ ಸಾಮಾನು ಮಾರಲು ಇಡುತ್ತಾರೆ, ಬೆಳಿಗ್ಗೆ ಏಳಕ್ಕೇ ಹೋಗಬೇಕು.

ಒಂದು ಎಚ್ಚರಿಕೆ. ಯುದ್ಧದ ಕಾಲದಲ್ಲಿ ಕ್ರೋಮ್ ಸಿಗದೆ ಪಾನಗಳಿಗೆ ಕ್ಯಾಡ್ಮಿಯಂ ಲೇಪ ಹಾಕುತ್ತಿದ್ದರು. ಮಂಕಾದ ಬೂದು ಅಥವಾ ಸ್ವಲ್ಪ ಹಳದಿ ಬಣ್ಣ ಇದ್ದರೆ ಅದೇ ಇರಬಹುದು. ಅದರ ಧೂಳು ವಿಷ. ವೈರ್ ವೀಲ್ ಹಾಕಬೇಡಿ, ಕಾಯಿಸಬೇಡಿ, ಹುಳಿಯಲ್ಲಿ ನೆನೆಸಬೇಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡಿ. 1943ರ ಪಾನ ಅಂದ್ರಲ್ಲ, ಅದಕ್ಕೇ ಹೇಳಿದೆ.

ತಿಪಟೂರು ತೆಂಗು

ಅಯ್ಯೋ, ನಾನು ಇವತ್ತೇ ಗ್ರೈಂಡರ್‌ಗೆ ವೈರ್ ವೀಲ್ ತರೋನಿದ್ದೆ. ತರಲ್ಲ.

ಜಾಕಿ ಬಗ್ಗೆ ಯಾರೂ ಹೇಳಲಿಲ್ಲ. ಚಿಕ್ಕಪ್ಪ ದಿನಾ ಬ್ರೇಕ್ ಆಯಿಲ್ ಡಬ್ಬಿ ತೋರಿಸುತ್ತಿದ್ದಾರೆ.

ಗೇರ್ ಗೌಡ

ಹಾಕಿ ಸರ್, ಏನೂ ಆಗಲ್ಲ. ನಾವು ಎಷ್ಟೋ ವರ್ಷದಿಂದ ಬ್ರೇಕ್ ಆಯಿಲ್ಲೇ ಹಾಕ್ತಿದೀವಿ.

ಹೈಡ್ರಾಲಿಕ್ ಹನುಮ

ದಯವಿಟ್ಟು ಹಾಕಬೇಡಿ. ಪೀಣ್ಯದಲ್ಲಿ ನಮ್ಮದು ಸೀಲ್ ಕೆಲಸ. ವಾರಕ್ಕೆ ಎರಡು ಮೂರು ಜಾಕಿ ಬಿಚ್ಚುತ್ತೇವೆ. ಹಾಳಾಗಿ ಬರುವ ಜಾಕಿಯಲ್ಲಿ ಬ್ರೇಕ್ ಆಯಿಲ್ ವಾಸನೆ ಮೂಗಿಗೆ ಮೊದಲೇ ಬಡಿಯುತ್ತೆ.

ಗೌಡರೇ, ನಿಮ್ಮ ಜಾಕಿ ನಡೆದಿರಬಹುದು, ಆದರೆ ಕಾರಣ ಕೇಳಿ. ಬ್ರೇಕ್ ಆಯಿಲ್ ಗ್ಲೈಕಾಲ್‌ನಿಂದ ಮಾಡಿದ್ದು. ಅದು ಬ್ರೇಕಿನ ರಬ್ಬರ್‌ಗೆ ಹೊಂದುತ್ತೆ. ಜಾಕಿಯಲ್ಲಿ ಇರುವುದು ನೈಟ್ರೈಲ್ ರಬ್ಬರ್, ಅದು ಪೆಟ್ರೋಲಿಯಂ ಎಣ್ಣೆಗೆ ಮಾಡಿದ್ದು. ಬ್ರೇಕ್ ಆಯಿಲ್ ಹಾಕಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತೆ. ಊದಿದಾಗ ಲೀಕ್ ಸ್ವಲ್ಪ ದಿನ ನಿಲ್ಲುತ್ತೆ. ಅದಕ್ಕೇ ಎಲ್ಲರೂ 'ಸರಿಹೋಯ್ತು' ಅಂತಾರೆ. ಆಮೇಲೆ ಸೀಲ್ ಹರಿದು ಬರುತ್ತೆ. ಮೇಲಾಗಿ ಅದು ಗಾಳಿಯಿಂದ ನೀರು ಹೀರುತ್ತೆ, ಒಳಗಿನ ಸಿಲಿಂಡರ್ ತುಕ್ಕು ಹಿಡಿಯುತ್ತೆ. ತುಕ್ಕು ಹಿಡಿದ ಸಿಲಿಂಡರ್‌ಗೆ ಯಾವ ಸೀಲ್ ಹಾಕಿದರೂ ನಿಲ್ಲಲ್ಲ. ಹೈಡ್ರಾಲಿಕ್ ಎಣ್ಣೆ ಹಾಕಿ, 32 ನಂಬರ್ ಸಾಕು.

ಗೇರ್ ಗೌಡ

ಊದಿಕೊಂಡು ಲೀಕ್ ನಿಲ್ಲೋದು ನಿಜ, ನೋಡಿದೀನಿ. ಆಮೇಲೆ ಕೆಟ್ಟಾಗ ಜಾಕಿನೇ ಹಳೇದು ಅಂದುಕೊಳ್ತಿದ್ವಿ. ಸರಿ, ಒಪ್ಪಿದೆ.

ಹೈಡ್ರಾಲಿಕ್ ಹನುಮ

ತಿಪಟೂರು ಸರ್, ನಿಮ್ಮ ಜಾಕಿಯಲ್ಲಿ ಎರಡು ಕಾಯಿಲೆ ಇರಬಹುದು. ರಾಡಿನ ಸುತ್ತ ಎಣ್ಣೆ ಬರ್ತಿದೆ ಅಂದರೆ ಮೇಲಿನ ಸೀಲ್ ಸವೆದಿದೆ. ಹೊರಗೆ ಎಣ್ಣೆ ಬರದೆ ಇಳಿದರೆ, ಎಣ್ಣೆ ವಾಪಸ್ ಹೋಗದ ಹಾಗೆ ತಡೆಯುವ ಒಳಗಿನ ಗುಂಡು ಕೂತುಕೊಳ್ಳುವ ಜಾಗದಲ್ಲಿ ಕಸ, ಅಥವಾ ಇಳಿಸುವ ಸ್ಕ್ರೂ ಸರಿಯಾಗಿ ಮುಚ್ಚುತ್ತಿಲ್ಲ.

ಬಿಚ್ಚುವಾಗ ಅಗಲವಾದ ತಟ್ಟೆಯಲ್ಲಿ ಇಟ್ಟು ಬಿಚ್ಚಿ. ಒಳಗೆ ಸಣ್ಣ ಸಣ್ಣ ಸ್ಟೀಲ್ ಗುಂಡು ಇರುತ್ತವೆ, ಅಳತೆ ಬೇರೆ ಬೇರೆ. ಉರುಳಿಹೋದರೆ ಹುಡುಕೋದು ಕಷ್ಟ. ಯಾವ ರಂಧ್ರದಿಂದ ಯಾವುದು ಬಂತು ಅಂತ ಫೋಟೋ ತೆಗೆಯಿರಿ. ಹೊಸ ಗುಂಡು ಹಾಕಿ, ಅದರ ಮೇಲೆ ಹಿತ್ತಾಳೆ ಕಡ್ಡಿ ಇಟ್ಟು ಸುತ್ತಿಗೆಯಲ್ಲಿ ಒಂದೇ ಒಂದು ಮೆಲ್ಲನೆಯ ಪೆಟ್ಟು. ಗುಂಡಿಗೆ ಕೂರಲು ಹೊಸ ಅಂಚು ಆಗುತ್ತೆ. ಓವರ್‌ಲೋಡ್ ಸ್ಕ್ರೂ ಒಂದು ಇರುತ್ತೆ, ಅದನ್ನು ಮುಟ್ಟಬೇಡಿ. ಅದನ್ನು ಬಿಗಿದರೆ ಜಾಕಿ ತನ್ನ ಶಕ್ತಿ ಮೀರಿ ಎತ್ತಲು ಹೋಗಿ ಒಡೆಯುತ್ತೆ.

ಎಣ್ಣೆ ತುಂಬುವಾಗ ರಾಡ್ ಪೂರ್ತಿ ಕೆಳಗೆ ಇರಬೇಕು. ತುಂಬಿದ ಮೇಲೆ ಇಳಿಸುವ ಸ್ಕ್ರೂ ಸಡಿಲ ಬಿಟ್ಟು ಹತ್ತಿಪ್ಪತ್ತು ಸಲ ಪಂಪ್ ಮಾಡಿ, ಗಾಳಿ ಹೋಗುತ್ತೆ. ಪಂಪ್ ಮಾಡುವಾಗ ಎಲ್ಲಾದರೂ ಸಣ್ಣ ರಂಧ್ರದಿಂದ ಎಣ್ಣೆ ಚಿಮ್ಮಿದರೆ ಬೆರಳು ಇಟ್ಟು ನೋಡಬೇಡಿ. ಆ ಒತ್ತಡದಲ್ಲಿ ಎಣ್ಣೆ ಚರ್ಮದ ಒಳಗೇ ನುಗ್ಗುತ್ತೆ, ಬೆರಳು ಕಳೆದುಕೊಂಡವರು ಇದ್ದಾರೆ.

ಹೊಸಬ 22

ಸಣ್ಣ ಕೈ ಪಂಪು ಅಷ್ಟು ದೊಡ್ಡ ಲಾರಿ ಹೇಗೆ ಎತ್ತುತ್ತೆ? ಇಂಜಿನಿಯರಿಂಗ್ ಓದ್ತಿದೀನಿ, ಆದರೂ ಕಣ್ಣಿಗೆ ಕಟ್ಟಲ್ಲ.

ಇಂಚು ಮೇಸ್ತ್ರಿ

ಲೆಕ್ಕ ಹಾಕು. ಪಂಪಿನ ಕಡ್ಡಿ 10 ಎಂಎಂ ದಪ್ಪ, ಎತ್ತುವ ರಾಡ್ 30 ಎಂಎಂ ಅಂತ ಇಟ್ಟುಕೋ. ದಪ್ಪ ಮೂರು ಪಟ್ಟು, ಆದರೆ ವಿಸ್ತೀರ್ಣ ಒಂಬತ್ತು ಪಟ್ಟು. ಹಿಡಿಕೆ ಸನ್ನೆಯ ಥರ ಕೆಲಸ ಮಾಡಿ ಹದಿನೈದು ಪಟ್ಟು ಕೊಡುತ್ತೆ. ಒಂಬತ್ತು ಹದಿನೈದ್ಲೆ 135. ನೀನು 20 ಕೆಜಿ ಒತ್ತಿದರೆ 2,700 ಕೆಜಿ ಏಳುತ್ತೆ, ಉಜ್ಜಾಟದಲ್ಲಿ ಹೋಗುವುದು ಬಿಟ್ಟು. ಅದಕ್ಕೆ ಬೆಲೆ ಏನು ಅಂದರೆ, ನೀನು ಹಿಡಿಕೆಯನ್ನು 135 ಎಂಎಂ ಒತ್ತಿದರೆ ಲಾರಿ ಏಳುವುದು 1 ಎಂಎಂ.

ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲಾ ಕಡೆ ಒಂದೇ ಅನ್ನುವ ಪ್ಯಾಸ್ಕಲ್ ನಿಯಮ ಎಲ್ಲರೂ ಓದುತ್ತಾರೆ. ಆದರೆ ಕಷ್ಟ ಇದ್ದಿದ್ದು ಸೀಲಿನಲ್ಲಿ. ಇಂಗ್ಲೆಂಡಿನ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ ಪೇಟೆಂಟ್ ಮಾಡಿದ. ಎಣ್ಣೆಯಲ್ಲ, ನೀರು ಬಳಸುತ್ತಿದ್ದ. ಒತ್ತಡ ಏರಿದಂತೆ ನೀರು ಸಂದಿಯಿಂದ ಹೊರಗೆ ಬರುತ್ತಿತ್ತು. ಅವನ ಬಳಿ ಕೆಲಸ ಮಾಡುತ್ತಿದ್ದ ಹೆನ್ರಿ ಮಾಡ್ಸ್ಲಿ ತೊಗಲಿನ ಬಟ್ಟಲು ಸೀಲ್ ಮಾಡಿದ ಅಂತ ಹೇಳುತ್ತಾರೆ. ಒತ್ತಡ ಜಾಸ್ತಿ ಆದಷ್ಟೂ ಬಟ್ಟಲಿನ ಅಂಚು ಗೋಡೆಗೆ ಇನ್ನೂ ಬಿಗಿಯಾಗಿ ಅಂಟುತ್ತೆ. ತಿಪಟೂರಿನ ಜಾಕಿ ನಿಜವಾಗಿ ಹಳೆಯದಾದರೆ ಒಳಗೆ ತೊಗಲು ಸಿಗಬಹುದು.

ಟ್ಯಾಂಜಿ ಅಂತ ಬರ್ಮಿಂಗ್‌ಹ್ಯಾಮ್‌ನ ಅಣ್ಣತಮ್ಮಂದಿರು ಇದ್ದರು. ಇಂಜಿನಿಯರ್ ಬ್ರುನೆಲ್ ಕಟ್ಟಿಸಿದ 'ಗ್ರೇಟ್ ಈಸ್ಟರ್ನ್' ಹಡಗು ದಡದಿಂದ ಜಾರದೆ ಸಿಕ್ಕಿಕೊಂಡಾಗ ಅವರ ಹೈಡ್ರಾಲಿಕ್ ಜಾಕಿಗಳೇ ಅದನ್ನು ಇಂಚಿಂಚು ತಳ್ಳಿ 1858ರ ಜನವರಿಯಲ್ಲಿ ನೀರಿಗೆ ಬಿಟ್ಟವು.

ಹೊಸಬ 22

ಸರ್, ನಾಲ್ಕು ವರ್ಷದಲ್ಲಿ ಯಾರೂ ಹೀಗೆ ಹೇಳಿಕೊಟ್ಟಿಲ್ಲ.

ಕಡಲತೀರ

ನಾನು ಒಂದು ಮಾತು ಹೇಳಲೇಬೇಕು, ಎಲ್ಲರೂ ಓದಿ.

ಹಳೇ ಪಾನ ಕೈಕೊಟ್ಟರೆ ಬೆರಳು ತರಚುತ್ತೆ. ಹಳೇ ಜಾಕಿ ಕೈಕೊಟ್ಟರೆ ಜೀವ ಹೋಗುತ್ತೆ. ಎರಡನ್ನೂ ಒಂದೇ ಪೆಟ್ಟಿಗೆಯಿಂದ ತೆಗೆದಿರಬಹುದು, ಆದರೆ ಒಂದೇ ಥರ ನಂಬಬಾರದು.

ನಾನು ಹತ್ತೊಂಬತ್ತು ವರ್ಷದವನಿದ್ದಾಗ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೆ. ಜೀಪಿಗೆ ಜಾಕಿ ಕೊಟ್ಟು, ಪಕ್ಕದಲ್ಲಿ ಕೆಂಪು ಕಲ್ಲು ಎರಡು ಒಂದರ ಮೇಲೊಂದು ಇಟ್ಟು, ಅಡಿಗೆ ಮಲಗಿ ಗೇರ್ ಬಾಕ್ಸ್ ಬಿಚ್ಚುತ್ತಿದ್ದೆ. 17ರ ಪಾನ ಬೇಕಿತ್ತು. ಹೆಲ್ಪರ್ ಹುಡುಗ ಚಹಾ ತರಲು ಹೋಗಿದ್ದ. ನಾನೇ ಹೊರಗೆ ಬಂದೆ. ಪೆಟ್ಟಿಗೆಗೆ ಕೈ ಹಾಕಿದ್ದೆ ಅಷ್ಟೆ, ಹಿಂದೆ 'ಟಕ್' ಅಂತ ಶಬ್ದ. ಜಾಕಿ ಇಳಿದಿತ್ತು. ಭಾರ ಪೂರ್ತಿ ಕಲ್ಲಿನ ಮೇಲೆ ಬಂದು ಮೇಲಿನ ಕಲ್ಲು ಎರಡು ಹೋಳು. ಜೀಪು ನೆಲಕ್ಕೆ. ನಾನು ಮಲಗಿದ್ದ ಗೋಣಿಚೀಲದ ಮೇಲೆ ಗೇರ್ ಬಾಕ್ಸ್ ಕೂತಿತ್ತು.

ಅವತ್ತಿನಿಂದ ಜಾಕಿ ಎತ್ತೋದಕ್ಕೆ ಮಾತ್ರ, ಹಿಡಿದುಕೊಳ್ಳೋದಕ್ಕಲ್ಲ. ಎತ್ತಿದ ತಕ್ಷಣ ಕಬ್ಬಿಣದ ಸ್ಟ್ಯಾಂಡ್ ಕೊಡಬೇಕು. ಸ್ಟ್ಯಾಂಡ್ ಇಲ್ಲ ಅಂದರೆ ಗಟ್ಟಿ ಮರದ ದಿಮ್ಮಿ. ಇಟ್ಟಿಗೆ, ಕೆಂಪು ಕಲ್ಲು, ಸಿಮೆಂಟ್ ಬ್ಲಾಕ್ ಯಾವುದೂ ಬೇಡ. ಅವು ಬಗ್ಗಲ್ಲ, ಸುಳಿವು ಕೊಡದೆ ಒಡೆಯುತ್ತವೆ. ಜೊತೆಗೆ ಬಿಚ್ಚಿದ ಚಕ್ರವನ್ನು ಛಾಸಿ ಕೆಳಗೆ ತಳ್ಳಿ. ಹೊಸ ಜಾಕಿಗೂ ಇದೇ ಮಾತು.

ಮಂಡ್ಯ ಅಕ್ಕ

ಓದಿ ಮೈ ಜುಮ್ ಅಂತು. ನಮ್ಮ ಮನೆಯವರಿಗೆ ಈಗಲೇ ತೋರಿಸುತ್ತೇನೆ.

ಗೇರ್ ಗೌಡ

ಸ್ಟೆಪ್ನಿ ಕೆಳಗೆ ತಳ್ಳೋದು ನಮ್ಮ ಗುರುಗಳೂ ಕಲಿಸಿದ್ದರು. ಒಂದು ನಿಮಿಷದ ಕೆಲಸ.

ದೂರದೇಶ

ಇಲ್ಲಿ 70 ವರ್ಷದ ಹಳೇ ವಾಕರ್, ಹೈನ್-ವರ್ನರ್ ಜಾಕಿಗಳಿಗೆ ಈಗಲೂ ಸೀಲ್ ಕಿಟ್ ಮಾರುತ್ತಾರೆ. ನಾನು ಒಂದಕ್ಕೆ ಹಾಕಿದ್ದೇನೆ, ಹೊಸದರ ಹಾಗೆ ಎತ್ತುತ್ತೆ. ಆದರೂ ಅಡಿಗೆ ಹೋಗುವಾಗ ಎರಡು ಸ್ಟ್ಯಾಂಡ್ ಇಟ್ಟೇ ಹೋಗೋದು.

ಯಾದವಗಿರಿ

ವಿಷಯ ಬಿಟ್ಟು ಒಂದು ಪ್ರಶ್ನೆ. 'ಪಾನ' ಅನ್ನೋ ಮಾತು ನಿಮ್ಮ ಕಡೆ ಎಲ್ಲರೂ ಹೇಳ್ತಾರಾ? ನಮ್ಮಲ್ಲಿ ಹಳಬರು ಪಾನ ಅಂತಾರೆ, ಹುಡುಗರು ಸ್ಪ್ಯಾನರ್ ಅಂತಾರೆ.

ಬುಲೆಟ್ ಬಸ್ಯಾ

ನಮ್ಮಲ್ಲಿ ಪಾನಾನೇ. ಸಾಕೆಟ್‌ಗೆ ಗೋಟಿ. ಜಾಕಿಯ ಹಿಡಿಕೆಗೆ ಟಾಮಿ.

ಕಡಲತೀರ

ನಮ್ಮಲ್ಲಿ ಸ್ಪ್ಯಾನರ್. ಪಾನ ಅಂದರೆ ಕುಡಿಯೋದು ಅಂತ ತಿಳಿಯುತ್ತಾರೆ.

ತಿಪಟೂರು ತೆಂಗು

ಮೂರು ವಾರ ಆಯ್ತು. ಏನಾಯ್ತು ಅಂತ ಹೇಳ್ತೀನಿ.

ಪಾನಗಳನ್ನು ಕಾಕಂಬಿಯಲ್ಲಿ 12 ದಿನ ಇಟ್ಟೆ. 1943ರ ಎರಡನ್ನು ಹಾಕಲಿಲ್ಲ, ಸೀಮೆಎಣ್ಣೆಯಲ್ಲಿ ಒರೆಸಿದೆ ಅಷ್ಟೆ. ತುಕ್ಕು ಹೋದ ಮೇಲೆ ಅಪ್ಪನ ಮೂರು ಚುಕ್ಕಿ ಎಲ್ಲದರ ಮೇಲೂ ಸ್ಪಷ್ಟವಾಗಿ ಕಾಣುತ್ತೆ. ಒಂದರಲ್ಲಿ ಮಾತ್ರ ಮೂರನೇ ಚುಕ್ಕಿ ಸ್ವಲ್ಪ ಓರೆ. ಅದು ನಾನು ಹೊಡೆದಿದ್ದು, ಎಂಟು ವರ್ಷದವನಿದ್ದಾಗ. ಅಪ್ಪ ಕೈ ಹಿಡಿದು ಹೊಡೆಸಿದ್ದು ನೆನಪಾಯ್ತು.

1/4 ಡಬ್ಲ್ಯು ಪಾನ ಬುಲೆಟ್ಟಿನ ಬೋಲ್ಟಿಗೆ ಗಡಗಡ ಅನ್ನದೆ ಕೂತಿತು. ಇಷ್ಟು ವರ್ಷ 14ರ ಪಾನ ಹಾಕಿ ಮೂಲೆ ಸವೆಸಿದ್ದೆ.

ಜಾಕಿ ತಟ್ಟೆಯಲ್ಲಿ ಇಟ್ಟು ಬಿಚ್ಚಿದೆ. ಮೇಸ್ತ್ರಿ ಸರ್ ಹೇಳಿದ ಹಾಗೇ ಒಳಗೆ ತೊಗಲಿನ ಬಟ್ಟಲು! ಅಂಚು ಕಪ್ಪಾಗಿ ಒಣಗಿ ಸೀಳಿತ್ತು. ಗುಂಡಿನ ಜಾಗದಲ್ಲಿ ಮಸಿ ಥರ ಕೆಸರು. ಬೋರ್‌ವೆಲ್ ಕೈಪಂಪಿಗೆ ಬಕೆಟ್ ವಾಷರ್ ಮಾಡುವವರು ನಮ್ಮೂರಲ್ಲಿ ಇದ್ದಾರೆ. ಅಳತೆ ಕೊಟ್ಟೆ. ಹದ ಮಾಡಿದ ದಪ್ಪ ತೊಗಲನ್ನು ನೀರಲ್ಲಿ ನೆನೆಸಿ, ಅಚ್ಚಿನಲ್ಲಿ ಒತ್ತಿ, ಎರಡು ದಿನ ಒಣಗಿಸಿ, ಎಣ್ಣೆಯಲ್ಲಿ ನೆನೆಸಿಕೊಟ್ಟರು. ಹೊಸ ಗುಂಡು ಹಾಕಿ ಹಿತ್ತಾಳೆ ಕಡ್ಡಿಯಿಂದ ಒಂದು ಪೆಟ್ಟು. 32 ನಂಬರ್ ಎಣ್ಣೆ. ರಾತ್ರಿ ಕಾರಿನ ಮುಂದಿನ ಭಾಗ ಎತ್ತಿ ಬಿಟ್ಟೆ, ರಾಡಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದೆ. ಕೆಳಗೆ ಯಾರೂ ಹೋಗದ ಹಾಗೆ ಹಗ್ಗ ಕಟ್ಟಿದ್ದೆ. ಬೆಳಿಗ್ಗೆ ಗೆರೆ ಅಲ್ಲೇ ಇತ್ತು. ಸ್ಟ್ಯಾಂಡ್ ಎರಡು ಬೆಂಗಳೂರಿನ ಜೆಸಿ ರೋಡಿಂದ ತರಿಸಿದ್ದೇನೆ.

ಹೈಡ್ರಾಲಿಕ್ ಹನುಮ

ಭಲೇ! ಬಕೆಟ್ ವಾಷರ್ ಮಾಡುವವರ ಕೈಲಿ ಮಾಡಿಸಿದ್ದು ನನಗೂ ಹೊಳೆದಿರಲಿಲ್ಲ. ರಾಡನ್ನು ಯಾವಾಗಲೂ ಪೂರ್ತಿ ಇಳಿಸಿ ಇಡಿ, ಹೊರಗೆ ಬಿಟ್ಟರೆ ತುಕ್ಕು ಚುಕ್ಕಿ ಬಿದ್ದು ಹೊಸ ತೊಗಲನ್ನು ಹರಿಯುತ್ತೆ.

ಗುಜರಿ ಪ್ರೇಮಿ

ಆ ಬಗ್ಗಿಸಿದ ಪಾನ?

ಇಂಚು ಮೇಸ್ತ್ರಿ

ನಾನೂ ಅದನ್ನೇ ಕೇಳೋಣ ಅಂತಿದ್ದೆ. ಸಾಮಾನ್ಯವಾಗಿ ಪಾನ ಕಾಯಿಸಬಾರದು, ಹದ ಹೋಗಿ ಮೆತ್ತಗಾಗುತ್ತೆ. ಆದರೆ ಕಾಯಿಸಿದ್ದು ಹಿಡಿಯ ಭಾಗ, ಬಾಯಿಯಲ್ಲ ಅಂದರೆ ಗೊತ್ತಿದ್ದವರ ಕೆಲಸ.

ತಿಪಟೂರು ತೆಂಗು

ಅಪ್ಪನ ಬಳಿ ಹೆಲ್ಪರ್ ಆಗಿದ್ದ ಒಬ್ಬರು ಈಗ ಅರಸೀಕೆರೆ ಹತ್ತಿರ ತೋಟ ನೋಡಿಕೊಂಡಿದ್ದಾರೆ. ನಾವೆಲ್ಲಾ ಮಾಮ ಅಂತಿದ್ದೆವು. ನಿನ್ನೆ ಪಾನ ಹಿಡಿದುಕೊಂಡು ಹೋಗಿದ್ದೆ. ಅವರು ನೋಡಿದ ಕೂಡಲೇ ಕೈಗೆ ತಗೊಂಡು, ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈಯನ್ನು ಮೇಲಕ್ಕೆ ಹಿಂದಕ್ಕೆ ಹಾಕಿ ತಿರುಗಿಸಿ ತೋರಿಸಿದರು. ಲಾರಿಯ ಸ್ಟಾರ್ಟರ್ ಮೋಟಾರಿನ ಮೇಲಿನ ಬೋಲ್ಟಂತೆ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ಇಂಜಿನ್ ಬಿಸಿ ಇರುವಾಗ ಕೈ ಸುಡದಿರಲಿ ಅಂತ ಅಪ್ಪ ಅದಕ್ಕೆ ಟ್ಯೂಬ್ ಸುತ್ತಿದ್ದರಂತೆ. 'ನನ್ನ ಕೈ ಚಿಕ್ಕದು, ಅದಕ್ಕೆ ನನ್ನ ಕೈ ಅಳತೆಗೆ ಬಗ್ಗಿಸಿದರು' ಅಂದರು.

ಪಾನ ಅವರಿಗೇ ಕೊಡೋಕೆ ಹೋದೆ. ಬೇಡ ಅಂದರು. ಟ್ಯೂಬ್ ಹಳೇದಾಗಿದೆ ಅಂತ ಒಳಗಿಂದ ಹೊಸ ಸೈಕಲ್ ಟ್ಯೂಬ್ ತಂದು ಸುತ್ತಿಕೊಟ್ಟರು.

ಬುಲೆಟ್ ಬಸ್ಯಾ

ಫೋಟೋ ಹಾಕ್ರಿ ಸರ.

ತಿಪಟೂರು ತೆಂಗು

ಸಂಜೆ ಹಾಕ್ತೀನಿ. ಈಗ ಬುಲೆಟ್ ಬಿಚ್ಚಿ ಕೂತಿದ್ದೇನೆ, ಕೈ ತುಂಬಾ ಗ್ರೀಸು.